ಆಫೀಸ್ ಟೈಮಿನ ಬಿಸಿಲು

ಜನವರಿ ಎರಡನೇ ವಾರದ ಲಂಡನ್ನಿನಲ್ಲಿ ಬೆಳಗಾಗುವುದೇ ಎಂಟಕ್ಕೆ. ಸಂಜೆ ನಾಲ್ಕೂಕಾಲು ದಾಟುತ್ತಿದ್ದಂತೆ ಸೂರ್ಯ ಮನೆಗೆ ಹೋಗಿರುತ್ತಾನೆ. ನಡುವೆ ಉಳಿಯುವುದನ್ನು ಹಗಲು ಎನ್ನಲು ತೀರ್ಥಹಳ್ಳಿ ಕಡೆಯ ನಮ್ಮ ಸಾಫ್ಟ್‌ವೇರ್ ಹುಡುಗನಿಗೆ ಮನಸ್ಸೇ ಒಪ್ಪುತ್ತಿರಲಿಲ್ಲ. ವಿಟಮಿನ್ ಡಿ ಮಾತ್ರೆ ನುಂಗಿ ನುಂಗಿ ಸಾಕಾಗಿ, ಎಂಟು ದಿನ ಬೇರೆ ಊರಿನಿಂದ ಕೆಲಸ ಮಾಡುವುದಾಗಿ ಮ್ಯಾನೇಜರನ್ನು ಒಪ್ಪಿಸಿ, ಸ್ಪೇನಿನ ದಕ್ಷಿಣ ತುದಿಯ ಮಾಲಗಾಕ್ಕೆ ವಿಮಾನ ಹತ್ತಿದ. ಆ ಕರಾವಳಿಯ ಹೆಸರೇ ಕೋಸ್ತಾ ದೆಲ್ ಸೋಲ್, ಸೂರ್ಯನ ಕರಾವಳಿ. ಜನವರಿಯಲ್ಲೂ ಮಧ್ಯಾಹ್ನ 17 ಡಿಗ್ರಿಯ ಆಸುಪಾಸು.

ಸುದ್ದಿ ಕೇಳಿದ ಅಮ್ಮನಿಗೆ ತಲೆಬುಡ ತಿಳಿಯಲಿಲ್ಲ. "ಬಿಸ್ಲು ಕಾಯ್ಸಕ್ಕೆ ದುಡ್ಡು ಕೊಟ್ಟು ಹೋಗ್ತಾರೇನೋ? ಇಲ್ಲಿ ಅಂಗಳದ ತುಂಬ ಅಡಿಕೆ ಹರವಿದೀನಿ. ಪಕ್ಕದಲ್ಲಿ ನಿಂಗೂ ಒಂದು ಚಾಪೆ ಹಾಕ್ತಿದ್ನಲ್ಲ!"

ಹುಡುಗ ನಕ್ಕು ಫೋನಿಟ್ಟ. ಲೆಕ್ಕ ತಪ್ಪಿದ್ದು ಗೊತ್ತಾಗಿದ್ದು ಸೋಮವಾರ ಬೆಳಿಗ್ಗೆ.

ನಕಾಶೆಯಲ್ಲಿ ನೋಡಿದರೆ ಮಾಲಗಾ ಲಂಡನ್ನಿಗಿಂತ ಪಶ್ಚಿಮಕ್ಕಿದೆ. ಗಡಿಯಾರದಲ್ಲಿ ಮಾತ್ರ ಒಂದು ಗಂಟೆ ಮುಂದಿದೆ. 1940ರಲ್ಲಿ ಫ್ರಾಂಕೋ ಸರ್ಕಾರ ಸ್ಪೇನಿನ ಗಡಿಯಾರವನ್ನು ಒಂದು ತಾಸು ಮುಂದಕ್ಕೆ ತಿರುಗಿಸಿ ಜರ್ಮನಿಯ ಸಮಯಕ್ಕೆ ಕೂಡಿಸಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅದನ್ನು ಹಿಂದಕ್ಕೆ ತಿರುಗಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಹಾಗಾಗಿ ಇಲ್ಲಿ ಜನವರಿಯ ಸೂರ್ಯ ಏಳುವುದು ಎಂಟೂವರೆಗೆ, ಮುಳುಗುವುದು ಆರೂಕಾಲರ ಮೇಲೆ. ಲಂಡನ್ ಆಫೀಸಿನ ಒಂಬತ್ತರಿಂದ ಐದೂವರೆ ಎಂದರೆ ಮಾಲಗಾದ ಹತ್ತರಿಂದ ಆರೂವರೆ. ಸೂರ್ಯ ಎದ್ದು, ಮುಖ ತೊಳೆದು, ಕಾಫಿ ಕುಡಿದು ಡ್ಯೂಟಿಗೆ ಬರುವ ಹೊತ್ತಿಗೆ ಇವನೂ ಲಾಗಿನ್ ಆಗುತ್ತಾನೆ. ಇವನು ಲ್ಯಾಪ್‌ಟಾಪ್ ಮುಚ್ಚುವ ಹೊತ್ತಿಗೆ ಸೂರ್ಯನೂ ಚೀಲ ಹೆಗಲಿಗೇರಿಸಿ ಹೊರಟಿರುತ್ತಾನೆ. ಇಬ್ಬರದೂ ಒಂದೇ ಶಿಫ್ಟು.

ಸರಿ, ಬಿಸಿಲಲ್ಲೇ ಕೂತು ಕೆಲಸ ಮಾಡಿದರಾಯಿತು ಎಂದು ಲ್ಯಾಪ್‌ಟಾಪ್ ಹಿಡಿದು ತಾರಸಿಗೆ ಹೋದ. ಪರದೆಯ ಮೇಲೆ ಕೋಡ್ ಬದಲು ಅವನದೇ ಮುಖ ಕಂಡಿತು, ಹಿಂದೆ ಒಣಹಾಕಿದ ಯಾರದೋ ಪಂಚೆಯಂಥ ಬೆಡ್‌ಶೀಟು. ಹತ್ತು ನಿಮಿಷಕ್ಕೆ ಕೆಳಗಿಳಿದ.

ಕೆಳಗಿನ ಕೋಣೆಯೋ, ಬಾವಿ. ದಕ್ಷಿಣ ಸ್ಪೇನಿನ ಹಳೇ ಮನೆಗಳನ್ನು ಕಟ್ಟಿದ್ದು ಬೇಸಿಗೆಯ ಉರಿಗೆ ಅಂಜಿ. ನೆಲಕ್ಕೆ ತಣ್ಣನೆಯ ಟೈಲ್ಸು, ಕಿಟಕಿಗೆ ಬೆಳಕೇ ನುಸುಳದಂಥ ಶಟರು. ಮನೆಯೆಲ್ಲ ಬಿಸಿ ಮಾಡುವ ಲಂಡನ್ನಿನ ಏರ್ಪಾಡು ಇಲ್ಲಿಲ್ಲ. ಹೊರಗೆ ಅಂಗಿಯಲ್ಲಿ ಓಡಾಡುವವರು ಒಳಗೆ ಬಂದು ಸ್ವೆಟರ್ ಹಾಕಿಕೊಳ್ಳುತ್ತಾರೆ. ಇವನ ನಡುಕ ನೋಡಲಾರದೆ ಮನೆಯೊಡತಿ ಅಜ್ಜಿ "ಇಹೋ, ಇಹೋ" ಎನ್ನುತ್ತ (ಮಗಾ, ಮಗಾ ಎಂದೇ ಅರ್ಥ) ತಮ್ಮ ದುಂಡು ಮೇಜಿನ ಬಳಿ ಕೂರಿಸಿದರು. ಮೇಸಾ ಕಮಿಯ್ಯಾ ಎಂಬ ಈ ಮೇಜಿಗೆ ನೆಲ ಮುಟ್ಟುವಷ್ಟು ದಪ್ಪ ಬಟ್ಟೆ ಹೊದಿಸಿರುತ್ತಾರೆ, ಅಡಿಯಲ್ಲಿ ಬ್ರಾಸೆರೋ. ಹಿಂದೆ ಅದರಲ್ಲಿ ಇದ್ದಿಲ ಕೆಂಡ ಇರುತ್ತಿತ್ತು, ಈಗ ಕರೆಂಟಿನ ಸುರುಳಿ. ಮನೆಮಂದಿಯೆಲ್ಲ ಸುತ್ತ ಕೂತು ಬಟ್ಟೆಯನ್ನು ತೊಡೆಯ ಮೇಲೆಳೆದುಕೊಂಡರೆ ಸೊಂಟದಿಂದ ಕೆಳಗೆ ಬೇಸಿಗೆ, ಮೇಲೆ ಚಳಿಗಾಲ. ಮಲೆನಾಡಿನ ಅಗ್ಗಿಷ್ಟಿಕೆಗೆ ಲಂಗ ಉಡಿಸಿದಂತೆ. ಸೂರ್ಯನನ್ನು ಹುಡುಕಿ ಬಂದವನು ಸ್ಟ್ಯಾಂಡಪ್ ಮೀಟಿಂಗಿಗೆ ಹೀಗೆ ಬಾಣಂತಿಯ ಹಾಗೆ ಬೆಚ್ಚಗೆ ಕೂತು ಹಾಜರಿ ಹಾಕಿದ. "ಅಲ್ಲಿ ಬಿಸಿಲು ಹೇಗಿದೆ?" ಎಂದು ಲಂಡನ್ನಿನವರು ಕೇಳಿದರು. "ಕಾಲಿಗೆ ಚೆನ್ನಾಗಿ ಬೀಳ್ತಿದೆ" ಎಂದ.

ಕಿಟಕಿಯಿಂದ ದೊಡ್ಡ ಚರ್ಚಿನ ಗೋಪುರ ಕಾಣುತ್ತಿತ್ತು. ಒಂದೇ ಗೋಪುರ. ಇನ್ನೊಂದು ಪೂರ್ತಿಯಾಗಲೇ ಇಲ್ಲ. 1782ರಲ್ಲಿ ಕೆಲಸ ನಿಂತಿತು. ಊರವರು ಅದನ್ನು ಲಾ ಮಾಂಕಿತಾ, ಒಂಟಿಗೈಯವಳು, ಎಂದು ಮುದ್ದಿನಿಂದ ಕರೆಯುತ್ತಾರೆ. ಗೋಪುರದ ದುಡ್ಡು ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ಹೋಯಿತೆಂಬ ಮಾತೂ ಇದೆ. ತನ್ನ ಪ್ರಾಜೆಕ್ಟು ಬರೀ ಎರಡು ತಿಂಗಳು ತಡವಾಗಿದೆ ಎಂದು ನೆನೆದು ಹುಡುಗನಿಗೆ ತುಸು ಸಮಾಧಾನವಾಯಿತು.

ಕಾಫಿಯ ವಿಷಯಕ್ಕೆ ಬಂದರೆ ಮಾಲಗಾದವರು ನಮ್ಮವರೇ. ಬೆಂಗಳೂರಿನಲ್ಲಿ ಸ್ಟ್ರಾಂಗು, ಲೈಟು, ಬೈಟೂ ಎಂದು ಮೂರರಲ್ಲಿ ಮುಗಿದರೆ, ಇಲ್ಲಿ ಹಾಲು-ಡಿಕಾಕ್ಷನ್ ಪ್ರಮಾಣಕ್ಕೆ ತಕ್ಕಂತೆ ಒಂಬತ್ತು ಹೆಸರು. ಕಾನ್ಸ್ತಿತುಸಿಯೋನ್ ಚೌಕದ ಕಫೆ ಸೆಂತ್ರಾಲ್ ಎಂಬ ಹೋಟೆಲು ಈ ಲೆಕ್ಕವನ್ನು ಟೈಲ್ಸಿನ ಮೇಲೆ ಲೋಟಗಳ ಚಿತ್ರ ಬಿಡಿಸಿ ಗೋಡೆಗೇರಿಸಿತ್ತು. ಅರ್ಧಕ್ಕರ್ಧ ಇದ್ದರೆ ಮಿತಾದ್. ಹಾಲು ಹೆಚ್ಚಿದ್ದರೆ ಸೋಂಬ್ರಾ, ಅಂದರೆ ನೆರಳು. ಹಾಲಿಗೆ ಕಾಫಿ ತೋರಿಸಿದಷ್ಟೇ ಆದರೆ ನೂಬೆ, ಮೋಡ. ಹತ್ತನೆಯದು ಖಾಲಿ ಲೋಟ: "ನನಗೆ ಬೇಡ". ಹೋಟೆಲು 2022ರಲ್ಲಿ ಬಾಗಿಲು ಹಾಕಿತು, ಹೆಸರುಗಳು ಮಾತ್ರ ಊರಿಡೀ ಬದುಕಿವೆ. ಬಿಸಿಲಿಗೆಂದು ಸಮುದ್ರ ದಾಟಿ ಬಂದವನು ದಿನಾ ಬೆಳಿಗ್ಗೆ ದುಡ್ಡು ಕೊಟ್ಟು ಒಂದು ನೆರಳು ಕುಡಿದು ಕೆಲಸಕ್ಕೆ ಕೂರುತ್ತಿದ್ದ.

ಮಧ್ಯಾಹ್ನದ ಒಂದು ಗಂಟೆ ಬಿಡುವು ಮಾತ್ರ ಅವನದು. ಲಂಡನ್ನಿನ ಒಂದು ಗಂಟೆ ಇಲ್ಲಿನ ಎರಡು. ಸ್ಪೇನ್ ಊಟಕ್ಕೇಳುವ ಹೊತ್ತೂ ಅದೇ. ಆದರೆ ಅವರಿಗೆ ಊಟವೆಂದರೆ ಅವಸರದ ಕೆಲಸವಲ್ಲ. ಇವನಿಗೆ ಮೂರಕ್ಕೆ ಮೀಟಿಂಗು. ಸಸ್ಯಾಹಾರಿ ಬೇರೆ. "ಮಾಂಸ ಬೇಡ" ಎಂದು ಸ್ಪ್ಯಾನಿಷಿನಲ್ಲಿ ಬಾಯಿಪಾಠ ಮಾಡಿ ಹೇಳಿದರೆ ಸಲಾಡಿನ ಮೇಲೆ ಟೂನಾ ಮೀನು ಕೂತು ಬಂತು. ಮೀನೇನು ಮಾಂಸವೇ ಎಂಬ ತರ್ಕ ಬಂಗಾಳದಲ್ಲಷ್ಟೇ ಅಲ್ಲ, ಇಲ್ಲೂ ನಡೆಯುತ್ತದೆ. ಕೊನೆಗೆ ಕಾಪಾಡಿದ್ದು ಬದನೆಕಾಯಿ. ಉದ್ದುದ್ದ ಸೀಳಿ, ಹಿಟ್ಟಿನಲ್ಲಿ ಹೊರಳಿಸಿ, ಎಣ್ಣೆಯಲ್ಲಿ ಕರಿದು, ಮೇಲೆ ಕಪ್ಪಗೆ ಹೊಳೆಯುವ ಪಾಕ ಸುರಿದಿದ್ದರು. ಹೆಸರು ಮಿಯೆಲ್ ದೆ ಕಾನ್ಯಾ, ಕಬ್ಬಿನ ಜೇನು. ಬೆರಳಲ್ಲಿ ಅದ್ದಿ ನೆಕ್ಕಿದವನಿಗೆ ಕಣ್ಣು ಅಗಲವಾಯಿತು: ಹೆಚ್ಚುಕಡಿಮೆ ನಮ್ಮ ಜೋನಿ ಬೆಲ್ಲ! ಮಾಲಗಾದ ಪೂರ್ವಕ್ಕಿರುವ ಫ್ರಿಹಿಲಿಯಾನಾ ಎಂಬ ಬೆಟ್ಟದೂರಿನಲ್ಲಿ ಇಂದಿಗೂ ಇದನ್ನು ಮಾಡುತ್ತಾರೆ. ಬದನೆ ಬಜ್ಜಿಗೆ ಜೋನಿ ಬೆಲ್ಲ ಹಾಕಿ ತಿನ್ನುವ ಸಾಹಸ ತೀರ್ಥಹಳ್ಳಿಯವರಿಗೂ ಹೊಳೆದಿರಲಿಲ್ಲ. ಮೂರರ ಮೀಟಿಂಗಿಗೆ ಅಂಟಂಟು ಬೆರಳಲ್ಲಿ ಮೌಸ್ ಹಿಡಿದ.

ಇವನಂಥವರು ಊರ ತುಂಬ. ಹೊರದೇಶದ ಕಂಪನಿಗೆ ಸ್ಪೇನಿನಿಂದ ಕೆಲಸ ಮಾಡುವವರಿಗೆಂದೇ 2022ರ ಕೊನೆಯ ಕಾನೂನು ಪ್ರತ್ಯೇಕ ವೀಸಾ ತಂದಿದೆ. ಪ್ರವಾಸಿಗರಿಗೆ ಕೊಡುವ ಮನೆಗಳು ಹೆಚ್ಚಿ, ಬಾಡಿಗೆ ಏರಿ, 2024ರ ಜೂನ್‌ನಲ್ಲಿ ಮಾಲಗಾದ ಜನ ಸಾವಿರಗಟ್ಟಲೆ ಬೀದಿಗಿಳಿದರು. ಚಕ್ರದ ಪೆಟ್ಟಿಗೆ ಗಡಗಡ ಎಳೆದುಕೊಂಡು ಹೋಗುವಾಗ ಮೂಲೆಯಲ್ಲಿ ನಿಂತವರು ನೋಡುವ ನೋಟದಲ್ಲಿ ಅಷ್ಟೇನೂ ಬಿಸಿಲಿರುವುದಿಲ್ಲ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಂತೂ ಶನಿವಾರ ಬಂತು. ಮೀಟಿಂಗಿಲ್ಲ, ಮೋಡವೂ ಇಲ್ಲ. ಮಾಲಗೇತಾ ಬೀಚಿಗೆ ಹೋದ. ಬೀಚಿನುದ್ದಕ್ಕೂ ಮರಳು ತುಂಬಿದ ಹಳೇ ದೋಣಿಗಳಲ್ಲಿ ಬೆಂಕಿ ಹಾಕಿ, ಕಡ್ಡಿಗೆ ಚುಚ್ಚಿದ ಬೂತಾಯಿ ಸುಡುವುದು ಇಲ್ಲಿನ ಕಸುಬು. ಹೆಸರಿನಲ್ಲಿ 'ರ' ಇಲ್ಲದ ತಿಂಗಳಲ್ಲಿ ಮಾತ್ರ ಮೀನು ರುಚಿಯಂತೆ; ಜನವರಿಗೆ ಇಲ್ಲಿ ಎನೆರೋ ಎನ್ನುತ್ತಾರಾದ್ದರಿಂದ ಇವನಿಗೆ ನಷ್ಟವೇನೂ ಆಗಲಿಲ್ಲ. ಟವೆಲ್ ಹಾಸಿ ಅಂಗಾತ ಬಿದ್ದುಕೊಂಡ. ವಾರದ ಬಾಕಿಯನ್ನೆಲ್ಲ ಒಂದೇ ದಿನದಲ್ಲಿ ವಸೂಲು ಮಾಡುವ ಹಟ.

ಹನ್ನೆರಡಕ್ಕೆ ಅಮ್ಮನ ವಿಡಿಯೋ ಕಾಲ್. ಅಲ್ಲಿ ಸಂಜೆ ನಾಲ್ಕೂವರೆ. ಅಮ್ಮ ಅಂಗಳದ ಅಡಿಕೆ ಬಾಚಿ ಗುಡ್ಡೆ ಹಾಕುತ್ತಿದ್ದಳು. ಮಗನನ್ನು ಒಂದು ಗಳಿಗೆ ದಿಟ್ಟಿಸಿ ನೋಡಿದಳು.

"ಎಷ್ಟೊತ್ತಿಂದ ಹಿಂಗೇ ಬಿದ್ದಿದೀಯ?"

"ಎರಡು ಗಂಟೆ ಆಯ್ತಮ್ಮ."

"ಒಂದೇ ಮಗ್ಗುಲು ಒಣಗ್ತಿದೆಯಲ್ಲೋ. ಮಗುಚಿ ಹಾಕ್ಕೊ."