ಹಿಂದಿನದೇ ವಾಸಿ

ಪೂರ್ವಪ್ರಿಯರನ್ನು ಗುರುತು ಹಿಡಿಯಲು ಕಷ್ಟಪಡಬೇಕಿಲ್ಲ. ಲಂಡನ್ನೋ ಗ್ಲಾಸ್ಗೋವೋ, ಹಳೆಯ ಎಲ್‌ಪಿ ರೆಕಾರ್ಡು ಮಾರುವ ಯಾವ ಅಂಗಡಿಗೆ ಹೋದರೂ ‘ಸಿ’ ಅಕ್ಷರದ ಪೆಟ್ಟಿಗೆಯ ಮುಂದೆ ಒಬ್ಬರು ನಿಂತಿರುತ್ತಾರೆ. ವಯಸ್ಸು ಐವತ್ತು ದಾಟಿರುತ್ತದೆ. ತೊಟ್ಟ ಕಪ್ಪು ಅಂಗಿ ಒಗೆದೊಗೆದು ಬೂದಿಬಣ್ಣಕ್ಕೆ ತಿರುಗಿರುತ್ತದೆ. ಅದರ ಮೇಲೆ ಅಚ್ಚಾಗಿದ್ದ ತಂಡದ ಹೆಸರು ಈಗ ಅವರೊಬ್ಬರ ಕಣ್ಣಿಗೆ ಮಾತ್ರ ಕಾಣುತ್ತದೆ. ಬೆರಳುಗಳು ರೆಕಾರ್ಡುಗಳನ್ನು ಒಂದೊಂದಾಗಿ ಮಗುಚುತ್ತಿರುತ್ತವೆ. ಕೊಳ್ಳುವ ಉದ್ದೇಶವೇನೂ ಇಲ್ಲ, ಎಲ್‌ಪಿ, ಕ್ಯಾಸೆಟ್ಟು, ಸಿಡಿ ಮೂರೂ ಮನೆಯಲ್ಲಿವೆ. ಇದು ಬರೀ ಹಾಜರಿ ತೆಗೆದುಕೊಳ್ಳುವ ಕೆಲಸ. ಪಕ್ಕದಲ್ಲಿ ಕಾಲೇಜು ಹುಡುಗಿಯೊಬ್ಬಳು ಕಾಕ್ಟೋ ಟ್ವಿನ್ಸ್ ತಂಡದ ‘ಹೆವನ್ ಆರ್ ಲಾಸ್ ವೇಗಸ್’ ಆಲ್ಬಮ್ಮನ್ನು ಕೈಗೆತ್ತಿಕೊಂಡಳೆನ್ನಿ, ಇವರ ಮೂಗಿನಿಂದ ಸಣ್ಣದೊಂದು ನಿಟ್ಟುಸಿರು ಹೊರಡುತ್ತದೆ. ‘ಒಳ್ಳೇದೇ’ ಎನ್ನುತ್ತಾರೆ. ಯಾರೂ ಕೇಳಿರುವುದಿಲ್ಲ, ಆದರೂ ಎನ್ನುತ್ತಾರೆ. ಆಮೇಲೆ ಒಂದು ‘ಆದರೆ’ ಬರುತ್ತದೆ. ಆ ‘ಆದರೆ’ಯ ಹಿಂದೆ ಒಂದು ದಶಕದ ಮೌನ, ಮೌನದ ಹಿಂದೆ ತೀರ್ಪು: ಹಿಂದಿನದೇ ವಾಸಿ.

ಡ್ರೀಮ್ ಪಾಪ್ ಎಂಬ ಸಂಗೀತದ ಸುತ್ತ ಇಂಥವರ ಸಂತತಿ ಬೇರೆಲ್ಲ ಕಡೆಗಿಂತ ಹೆಚ್ಚು ಹುಲುಸಾಗಿ ಬೆಳೆದಿದೆ. ಗಿಟಾರಿನ ನಾದವನ್ನು ಯಂತ್ರಗಳ ಮೂಲಕ ಹಾಯಿಸಿ ಮಂಜಿನಷ್ಟು ಮೆತ್ತಗೆ ಮಾಡಿ, ಅದರೊಳಗೆ ಕಂಠವನ್ನೂ ಕರಗಿಸಿಬಿಡುವ ಈ ಶೈಲಿ 1980ರ ದಶಕದ ಬ್ರಿಟನ್ನಿನಲ್ಲಿ ರೂಪುಗೊಂಡಿತು. ಹೆಸರಿಟ್ಟ ಖ್ಯಾತಿ ಎ. ಆರ್. ಕೇನ್ ತಂಡದ ಅಲೆಕ್ಸ್ ಅಯೂಲಿಗೆ ಸಲ್ಲುತ್ತದಾದರೂ ಬಹುಪಾಲು ಕೇಳುಗರ ಪಾಲಿಗೆ ಇದರ ಮೂಲಪುರುಷರು ಸ್ಕಾಟ್ಲೆಂಡಿನ ಕಾಕ್ಟೋ ಟ್ವಿನ್ಸ್ ತಂಡದವರು. ತೈಲ ಶುದ್ಧೀಕರಣದ ಊರಾಗಿದ್ದ ಗ್ರೇಂಜ್‌ಮೌತ್‌ನಲ್ಲಿ 1979ರಲ್ಲಿ ಹುಟ್ಟಿದ ಈ ತಂಡದಲ್ಲಿ ಎಲಿಜಬೆತ್ ಫ್ರೇಸರ್ ಹಾಡುತ್ತಿದ್ದರು, ರಾಬಿನ್ ಗಥ್ರೀ ಗಿಟಾರ್ ನುಡಿಸುತ್ತಿದ್ದರು, ಆಮೇಲೆ ಬಂದ ಸೈಮನ್ ರೇಮಂಡ್ ಬೇಸ್ ಗಿಟಾರ್ ಹಿಡಿದರು. 1990ರ ಸೆಪ್ಟೆಂಬರಿನಲ್ಲಿ ಹೊರಬಂದ ‘ಹೆವನ್ ಆರ್ ಲಾಸ್ ವೇಗಸ್’ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ 7ನೆಯ ಸ್ಥಾನಕ್ಕೇರಿತು. ಆ ತಂಡದ ಸಂಗೀತವನ್ನು ಹೊಸಬರಿಗೆ ಪರಿಚಯಿಸುವಾಗ ಜನ ಸಾಮಾನ್ಯವಾಗಿ ಕೈಗಿಡುವುದು ಇದನ್ನೇ. ಪೂರ್ವಪ್ರಿಯರ ದೃಷ್ಟಿಯಲ್ಲಿ ಅದರ ಮೊದಲನೆಯ ದೋಷವೂ ಇದೇ.

ಪೂರ್ವಪ್ರಿಯರು ಹೇಳುವುದು ಆಲ್ಬಮ್ಮಿನ ವಿಷಯವಾಗಿ ಎಂದು ನಾವು ತಿಳಿಯುತ್ತೇವೆ. ಅವರು ನಿಜಕ್ಕೂ ಹೇಳುತ್ತಿರುವುದು ಸರತಿಯ ಸಾಲಿನಲ್ಲಿ ತಾವು ಎಲ್ಲಿ ನಿಂತಿದ್ದೆವು ಎಂಬುದನ್ನು. ಇದು ಕುಹಕದ ಮಾತಲ್ಲ, ಪರೀಕ್ಷಿಸಿ ನೋಡಬಹುದಾದ ಮಾತು. ‘ಹಿಂದಿನದೇ ವಾಸಿ’ ಎಂದವರನ್ನು, ಹಿಂದಿನದು ಯಾವುದು ಸ್ವಾಮಿ, ಎಂದು ಕೇಳುತ್ತಾ ಹೋಗಿ. 1990ರದ್ದಕ್ಕಿಂತ 1984ರ ‘ಟ್ರೆಷರ್’ ವಾಸಿ ಎನ್ನುತ್ತಾರೆ. ಅದನ್ನು ಒಪ್ಪಿಕೊಂಡಿರೋ, ಪಕ್ಕದಲ್ಲಿ ನಿಂತ ಇನ್ನೊಬ್ಬ ಪೂರ್ವಪ್ರಿಯರು ಗಂಟಲು ಸರಿಮಾಡಿಕೊಂಡು ‘ಟ್ರೆಷರ್’ ಸ್ವಲ್ಪ ಅಲಂಕಾರ ಜಾಸ್ತಿಯಾಯಿತು, 1983ರ ‘ಹೆಡ್ ಓವರ್ ಹೀಲ್ಸ್’ನಲ್ಲಿದ್ದ ಕಸುವು ಅದರಲ್ಲಿಲ್ಲ ಎನ್ನುತ್ತಾರೆ. ಮೂರನೆಯವರು ಇವರಿಬ್ಬರನ್ನೂ ಕನಿಕರದಿಂದ ನೋಡಿ, 1982ರ ‘ಗಾರ್ಲ್ಯಾಂಡ್ಸ್’ ಹೆಸರೆತ್ತುತ್ತಾರೆ. ಅದು ಮೊದಲನೆಯ ಆಲ್ಬಮ್ಮು. ಇನ್ನು ಇಳಿಯಲು ಮೆಟ್ಟಿಲಿಲ್ಲ ಎಂದು ನೀವು ನೆಮ್ಮದಿಪಡುವಂತಿಲ್ಲ. ಏಕೆಂದರೆ ‘ಗಾರ್ಲ್ಯಾಂಡ್ಸ್’ ಹೊರಬಂದಾಗ ಅಂದಿನ ವಿಮರ್ಶಕರಲ್ಲಿ ಹಲವರು, ಇದು ಸೂಸಿ ಅಂಡ್ ದ ಬ್ಯಾನ್ಶೀಸ್ ತಂಡದ ನೆರಳು ಎಂದಿದ್ದರು. ಅಂದರೆ ‘ಹಿಂದಿನದೇ ವಾಸಿ’ ಎಂಬ ತರ್ಕವನ್ನು ಪ್ರಾಮಾಣಿಕವಾಗಿ ಕೊನೆಯವರೆಗೂ ಹಿಡಿದುಹೋದರೆ ನೀವು ತಲುಪುವುದು ಬೇರೊಂದು ತಂಡವನ್ನು. ಕಾಕ್ಟೋ ಟ್ವಿನ್ಸ್ ಹುಟ್ಟುವ ಮುಂಚೆಯೇ ಚೆನ್ನಾಗಿತ್ತು ಎಂಬ ನಿಲುವಿಗೆ ಬಂದು ನಿಂತ ಅಭಿಮಾನಿಯನ್ನು ಅಭಿಮಾನಿ ಎನ್ನಬೇಕೋ ಬೇಡವೋ ಎಂಬುದನ್ನು ಮೀಮಾಂಸಕರಿಗೆ ಬಿಡೋಣ.

ತೀರ್ಪು ನಿಜಕ್ಕೂ ನಾದವನ್ನು ಕುರಿತದ್ದಾಗಿದ್ದರೆ, ನಾದ ಮಾಡಿದವರ ಮಾತಿಗೆ ಒಂದಿಷ್ಟಾದರೂ ಬೆಲೆ ಇರಬೇಕಿತ್ತು. ಇಲ್ಲಿ ಪೂರ್ವಪ್ರಿಯರ ಧೈರ್ಯವನ್ನು ಮೆಚ್ಚಬೇಕು. ‘ಟ್ರೆಷರ್’ ತಮಗೆ ಹಿಡಿಸುವುದಿಲ್ಲ ಎಂದು ಸ್ವತಃ ರಾಬಿನ್ ಗಥ್ರೀ ಬಹಿರಂಗವಾಗಿಯೇ ಹೇಳಿದ್ದಾರೆ, ಅದೂ ಮೆದುವಾದ ಮಾತಿನಲ್ಲಲ್ಲ. ಪೂರ್ವಪ್ರಿಯರು ಇದನ್ನು ಕೇಳಿ ಕಂಗಾಲಾಗುವುದಿಲ್ಲ. ಗಥ್ರೀಗೆ ತಮ್ಮ ಸಂಗೀತ ಅರ್ಥವಾಗಿಲ್ಲ, ಅಷ್ಟೆ. ಇನ್ನು ಕಂಪನಿಯ ಕಡೆಯ ಸಾಕ್ಷಿ. ತಂಡದ ಆಲ್ಬಮ್ಮುಗಳನ್ನು ಹೊರತರುತ್ತಿದ್ದ ಫೋರ್ ಎಡಿ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಐವೊ ವಾಟ್ಸ್-ರಸೆಲ್ ತಮ್ಮ ಸಂಸ್ಥೆಯ ಅತ್ಯುತ್ತಮ ಕೃತಿಗಳ ಸಾಲಿನಲ್ಲಿ ಇಡುವುದು ‘ಹೆವನ್ ಆರ್ ಲಾಸ್ ವೇಗಸ್’ ಅನ್ನು. ‘ಟ್ರೆಷರ್’ ಶುರುವಾಗುವುದೇ ‘ಐವೊ’ ಎಂಬ ಹಾಡಿನಿಂದ. ತನ್ನ ಹೆಸರಿನ ಹಾಡಿರುವ ಆಲ್ಬಮ್ಮನ್ನು ಬಿಟ್ಟು ಇನ್ನೊಂದನ್ನು ಮೆಚ್ಚುವ ಮನುಷ್ಯನ ಮಾತನ್ನು ಯಾವ ನ್ಯಾಯಾಲಯವೂ ನಿಷ್ಪಕ್ಷಪಾತದ ಸಾಕ್ಷಿಯೆಂದೇ ಪರಿಗಣಿಸೀತು. ಪೂರ್ವಪ್ರಿಯರ ನ್ಯಾಯಾಲಯದಲ್ಲಿ ಮಾತ್ರ ಅದು ದಾಖಲಾಗುವುದಿಲ್ಲ. ಅಷ್ಟು ಮೆಚ್ಚಿದ ಆಲ್ಬಮ್ಮು ಹೊರಬಂದ ಬೆನ್ನಿಗೇ ಐವೊ ಅವರಿಗೂ ತಂಡಕ್ಕೂ ಇದ್ದ ಸಂಬಂಧ ಕಡಿದುಹೋಯಿತು ಎಂಬ ಸಂಗತಿಯನ್ನು ಅವರು ಉತ್ಸಾಹದಿಂದ ದಾಖಲಿಸಿಕೊಳ್ಳುತ್ತಾರೆ. ಜಗಳಕ್ಕೆ ಕಾರಣಗಳು ಹಲವು. ಆಲ್ಬಮ್ಮಿನ ಗುಣ ಅವುಗಳಲ್ಲೊಂದಲ್ಲ.

ಇಷ್ಟೊಂದು ಭಿನ್ನಾಭಿಪ್ರಾಯಕ್ಕೆ ಈ ಸಂಗೀತವೇ ಜಾಗ ಮಾಡಿಕೊಟ್ಟಿದೆ ಎಂಬುದನ್ನು ಒಪ್ಪಬೇಕು. ಎಲಿಜಬೆತ್ ಫ್ರೇಸರ್ ಹಾಡಿದ್ದರಲ್ಲಿ ಬಹುಪಾಲು ಯಾವ ಭಾಷೆಯೆಂದು ಇಂಗ್ಲಿಷರಿಗೂ ತಿಳಿಯಲಿಲ್ಲ. ತಮಗೆ ಅರ್ಥ ಗೊತ್ತಿಲ್ಲದ ಪರಭಾಷೆಯ ಪದಗಳನ್ನು ಅವುಗಳ ನಾದಕ್ಕಾಗಿಯೇ ಆರಿಸಿಕೊಳ್ಳುತ್ತಿದ್ದುದಾಗಿ ಆಕೆ ಹೇಳಿಕೊಂಡದ್ದುಂಟು. ತರಾನ, ತಿಲ್ಲಾನಗಳಿಗೆ ತಲೆದೂಗುವ ನಮಗೆ ಇದೇನೂ ಅಪಚಾರವಾಗಿ ಕಾಣಬೇಕಿಲ್ಲ. ಆದರೆ ಪಾಪ್ ಹಾಡಿನಲ್ಲಿ ಮಾತು ಕೇಳಿಸಲೇಬೇಕೆಂದು ನಂಬಿದವರಿಗೆ ಅದೊಂದು ಒಗಟು. ಒಗಟೆಂದ ಮೇಲೆ ಉತ್ತರ ಬಲ್ಲೆನೆನ್ನುವವರು ಹುಟ್ಟಲೇಬೇಕು. ಒಂದೇ ಹಾಡು ಒಬ್ಬರಿಗೆ ವಿರಹ, ಇನ್ನೊಬ್ಬರಿಗೆ ಭಕ್ತಿ, ಮತ್ತೊಬ್ಬರಿಗೆ ನಿದ್ದೆಯ ಔಷಧ. ‘ಹೆವನ್ ಆರ್ ಲಾಸ್ ವೇಗಸ್’ ಹೊತ್ತಿಗೆ ಪದಗಳು ಅಲ್ಲಲ್ಲಿ ಸ್ಪಷ್ಟವಾಗತೊಡಗಿದ್ದವು. ಫ್ರೇಸರ್ ಮತ್ತು ಗಥ್ರೀ ಜೋಡಿಗೆ 1989ರಲ್ಲಿ ಮಗಳು ಹುಟ್ಟಿದ್ದಳು, ಆ ತಾಯ್ತನದ ಛಾಯೆ ಹಾಡುಗಳಲ್ಲಿದೆ. ಅದೇ ದಿನಗಳಲ್ಲಿ ಗಥ್ರೀ ಮಾದಕದ್ರವ್ಯದ ಚಟದಲ್ಲಿ ಮುಳುಗಿದ್ದರು, ರೇಮಂಡ್ ತಂದೆಯನ್ನು ಕಳೆದುಕೊಂಡರು. ಇಷ್ಟೆಲ್ಲ ಸಂಕಟದ ನಡುವೆ ಅಷ್ಟು ಬೆಳಕಿನ ಸಂಗೀತ ಹೊರಟದ್ದು ಹೇಗೆಂದು ಯಾರಾದರೂ ಬೆರಗಾಗಬೇಕು. ಪೂರ್ವಪ್ರಿಯರು ಬೇಸರಪಟ್ಟುಕೊಂಡದ್ದು ಪದಗಳು ಕೇಳಿಸತೊಡಗಿದವಲ್ಲ ಎಂದು. ಮೂರು ವರ್ಷಗಳ ಬಳಿಕ, 1993ರಲ್ಲಿ ಫಾಂಟಾನ ಎಂಬ ದೊಡ್ಡ ಕಂಪನಿಯ ಮೂಲಕ ಬಂದ ‘ಫೋರ್ ಕ್ಯಾಲೆಂಡರ್ ಕೆಫೆ’ಯಲ್ಲಿ ಮಾತು ಇನ್ನೂ ತಿಳಿಯಾಯಿತು. ಹತ್ತು ವರ್ಷ ‘ಈಕೆ ಏನು ಹಾಡುತ್ತಾಳೋ ತಿಳಿಯುವುದಿಲ್ಲ’ ಎಂಬ ದೂರು ಕೇಳಿದ ತಂಡ ಈಗ ‘ಈಕೆ ಹಾಡಿದ್ದೆಲ್ಲ ತಿಳಿದುಬಿಡುತ್ತದೆ’ ಎಂಬ ದೂರನ್ನೂ ಕೇಳಬೇಕಾಯಿತು.

ಇಲ್ಲಿ ಒಂದು ಆಕ್ಷೇಪ ಬರಬಹುದು: ತಂಡಗಳು ಕಾಲಕ್ರಮದಲ್ಲಿ ಸೋಲುವುದು ನಿಜವಲ್ಲವೇ, ‘ಫೋರ್ ಕ್ಯಾಲೆಂಡರ್ ಕೆಫೆ’ ನಿಜಕ್ಕೂ ಸಪ್ಪೆ ಎಂದು ಪೂರ್ವಪ್ರಿಯರಲ್ಲದವರೂ ಹೇಳುವುದಿಲ್ಲವೇ? ಹೇಳುತ್ತಾರೆ. ಆದರೆ ದಿನಾ ಬೆಳಗ್ಗೆ ‘ಇವತ್ತು ಮಳೆ’ ಎನ್ನುವವನ ಮಾತು ಆಷಾಢದಲ್ಲಿ ನಿಜವಾದರೆ ಅವನನ್ನು ಯಾರೂ ಹವಾಮಾನ ಇಲಾಖೆಗೆ ಸೇರಿಸಿಕೊಳ್ಳುವುದಿಲ್ಲ. ತೀರ್ಪಿಗೆ ಬೆಲೆ ಬರಬೇಕಾದರೆ ಅದು ಒಮ್ಮೆಯಾದರೂ ಬೇರೆಯಾಗಿರಬಹುದಿತ್ತು ಎಂಬ ನಂಬಿಕೆ ನಮಗಿರಬೇಕು. ಪೂರ್ವಪ್ರಿಯರದ್ದು ಆಲ್ಬಮ್ಮು ಹೊರಬರುವ ಮುಂಚೆಯೇ ಸಿದ್ಧವಾಗಿರುವ ತೀರ್ಪು. ಎರಡನೆಯ ಆಕ್ಷೇಪ ಇನ್ನೂ ಮೃದುವಾದದ್ದು: ಹದಿನೆಂಟನೆಯ ವಯಸ್ಸಿನಲ್ಲಿ ಕೇಳಿದ್ದು ಯಾರಿಗೆ ತಾನೇ ಪ್ರಿಯವಲ್ಲ? ಇದು ಆಕ್ಷೇಪವೇ ಅಲ್ಲ, ನನ್ನ ವಾದಕ್ಕೆ ಸಿಕ್ಕ ಬೆಂಬಲ. 1984ರಲ್ಲಿ ಹದಿನೆಂಟು ತುಂಬಿದ್ದವರಿಗೆ 1990ರ ಆಲ್ಬಮ್ಮು ಇಳಿಜಾರಿನ ಆರಂಭ. 1990ರಲ್ಲಿ ಹದಿನೆಂಟು ತುಂಬಿದವರಿಗೆ ಅದೇ ಶಿಖರ, ಇಳಿಜಾರು 1993ರಿಂದ. ಹಾಡುಗಳು ಬದಲಾಗಿಲ್ಲ, ಜಾತಕ ಬದಲಾಗಿದೆ. ಹಾಗೆಂದು ಪೂರ್ವಪ್ರಿಯರು ಒಪ್ಪಿಕೊಂಡಿದ್ದರೆ ತಕರಾರೇ ಇರಲಿಲ್ಲ. ‘ನನಗೆ ಆಗ ಹದಿನೆಂಟು’ ಎನ್ನಬೇಕಾದ ಕಡೆ ಅವರು ‘ಆಗ ಅದಕ್ಕೊಂದು ಗಾಂಭೀರ್ಯವಿತ್ತು’ ಎನ್ನುತ್ತಾರೆ. ತಮ್ಮ ಯೌವನದ ಗುಣವನ್ನು ರೆಕಾರ್ಡಿನ ಗುಣವೆಂದು ನಮೂದಿಸುವುದೇ ಅವರ ಒಟ್ಟು ವಿಮರ್ಶೆ.

ಡ್ರೀಮ್ ಪಾಪ್‌ನದೇ ಇನ್ನೊಂದು ಪ್ರಕರಣ ನೋಡಿ. ಇಂಗ್ಲೆಂಡಿನ ರೆಡಿಂಗ್ ಪಟ್ಟಣದ ಸ್ಲೋಡೈವ್ ತಂಡದ ಮೊದಮೊದಲ ಕಿರು ರೆಕಾರ್ಡುಗಳನ್ನು ಲಂಡನ್ನಿನ ಸಂಗೀತ ವಾರಪತ್ರಿಕೆಗಳು ಹೊಗಳಿದವು. 1993ರಲ್ಲಿ ಅವರ ಎರಡನೆಯ ಆಲ್ಬಮ್ಮು ‘ಸುವ್ಲಾಕಿ’ ಬರುವ ಹೊತ್ತಿಗೆ ಗಾಳಿ ತಿರುಗಿ ಬ್ರಿಟ್‌ಪಾಪ್ ಎಂಬ ಹೊಸ ಶೈಲಿಯ ಕಡೆಗೆ ಬೀಸುತ್ತಿತ್ತು. ಇದನ್ನು ಇನ್ನೊಮ್ಮೆ ಕೇಳುವುದಕ್ಕಿಂತ ಗಂಜಿ ತುಂಬಿದ ಸ್ನಾನದ ತೊಟ್ಟಿಯಲ್ಲಿ ಮುಳುಗಿ ಉಸಿರುಕಟ್ಟುವುದು ಮೇಲು ಎಂಬ ಅರ್ಥದ ವಿಮರ್ಶೆ ‘ಮೆಲೊಡಿ ಮೇಕರ್’ ಪತ್ರಿಕೆಯಲ್ಲಿ ಅಚ್ಚಾಯಿತು. ಹೆಸರಾಂತ ಸಂಗೀತಗಾರ ಬ್ರಯಾನ್ ಈನೋರಂಥವರು ಎರಡು ಹಾಡುಗಳಲ್ಲಿ ಕೈಜೋಡಿಸಿದ್ದೂ ಆಲ್ಬಮ್ಮನ್ನು ಗಂಜಿಯಿಂದ ಎತ್ತಲಿಲ್ಲ. 1995ರ ಮೂರನೆಯ ಆಲ್ಬಮ್ಮಿನ ಬೆನ್ನಿಗೇ ಅವರ ರೆಕಾರ್ಡುಗಳನ್ನು ಹೊರತರುತ್ತಿದ್ದ ಕ್ರಿಯೇಷನ್ ಕಂಪನಿ ತಂಡವನ್ನು ಕೈಬಿಟ್ಟಿತು, ತಂಡ ಚದುರಿತು. ಇಂದು ಅದೇ ‘ಸುವ್ಲಾಕಿ’ ಈ ಪ್ರಕಾರದ ಶ್ರೇಷ್ಠ ಕೃತಿಗಳ ಯಾವ ಪಟ್ಟಿಯಲ್ಲೂ ತಪ್ಪುವುದಿಲ್ಲ. 2014ರಲ್ಲಿ ತಂಡ ಮತ್ತೆ ಒಂದಾದಾಗ ಹಿಂದೆಂದೂ ನೋಡದಷ್ಟು ಜನ ಕೇಳಲು ಬಂದರು. ‘ಸುವ್ಲಾಕಿ’ ಬಂದಾಗ ಹುಟ್ಟಿಯೇ ಇರದಿದ್ದ ಹುಡುಗರು ಮುಂದಿನ ಸಾಲಿನಲ್ಲಿದ್ದರು. ಹಿಂದಿನ ಸಾಲಿನಲ್ಲಿ ಪೂರ್ವಪ್ರಿಯರು. ‘ಸುವ್ಲಾಕಿ’ಯನ್ನು 1993ರಲ್ಲೇ ಕೊಂಡಿದ್ದೆವೆಂದು ಈಗ ಹೇಳುವವರೆಲ್ಲ ಅಂದು ನಿಜವಾಗಿ ಕೊಂಡಿದ್ದರೆ ಅದು ಬ್ರಿಟನ್ನಿನ ಪಟ್ಟಿಯಲ್ಲಿ 51ಕ್ಕೆ ನಿಲ್ಲುತ್ತಿರಲಿಲ್ಲ. ಸಾಲಿನಲ್ಲಿ ತಮ್ಮ ಜಾಗವನ್ನು ಹೀಗೆ ಮುಂದಕ್ಕೆ ಸರಿಸಿಕೊಳ್ಳುವವರಿದ್ದಾರೆಂದರೆ, ಅಲ್ಲಿ ಬಿಕರಿಯಾಗುತ್ತಿರುವುದು ಸಾಲಿನ ಜಾಗವೇ ಎಂದಾಯಿತಲ್ಲ.

ಹಾಗಾದರೆ ಪೂರ್ವಪ್ರಿಯರಿಂದ ಉಪಯೋಗವೇನೂ ಇಲ್ಲವೇ? ಇದೇ ಕೊನೆಯ ಆಕ್ಷೇಪ, ಇದಕ್ಕೆ ನಾನು ಅರ್ಧ ತಲೆಬಾಗುತ್ತೇನೆ. ಪತ್ರಿಕೆಗಳು ಗಂಜಿಯ ತೊಟ್ಟಿ ತೋರಿಸಿ, ಕಂಪನಿಗಳು ಕೈಬಿಟ್ಟು, ತಂಡದವರೇ ವಾದ್ಯ ಕೆಳಗಿಟ್ಟ ವರ್ಷಗಳಲ್ಲಿ ಈ ಸಂಗೀತವನ್ನು ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿಸಿ, ಕೇಳಲೊಲ್ಲದ ಗೆಳೆಯರ ಕೈಗೆ ತುರುಕಿ, ಕೇಳಿದೆಯಾ ಕೇಳಿದೆಯಾ ಎಂದು ಪೀಡಿಸಿ ಬದುಕಿಸಿದವರು ಇವರೇ. ಒಳ್ಳೆಯ ಅಭಿರುಚಿಯವರಿಂದ ಮಾತ್ರ ಆ ಕೆಲಸ ಆಗುತ್ತಿರಲಿಲ್ಲ, ಹಠಮಾರಿಗಳು ಬೇಕಿತ್ತು. ಮಿಕ್ಕರ್ಧ ಏಕೆ ಬಾಗುವುದಿಲ್ಲವೆಂದರೆ, ಕಾಪಾಡಿದವರು ಬಾಗಿಲಲ್ಲಿ ಕೂತು ಒಳಗೆ ಬರುವವರ ಹುಟ್ಟಿದ ವರ್ಷ ಕೇಳತೊಡಗಿದರೆ ಕಾಪಾಡಿದ್ದು ಯಾರಿಗಾಗಿ? ಅಂಗಡಿಯಲ್ಲಿ ನಿಂತ ಆ ಹುಡುಗಿಗೆ 1984 ಎಂದರೆ ಚರಿತ್ರೆಯ ಪಾಠ. ಆಕೆ ಕೇಳಲು ಬಂದದ್ದು ಹಾಡು.

ಆದ್ದರಿಂದ ಓದುಗರಿಗೆ ನನ್ನ ಸಲಹೆ ಇಷ್ಟು. ಪೂರ್ವಪ್ರಿಯರು ಸಿಕ್ಕಿದರೆ ಅವರ ಶಿಫಾರಸುಗಳನ್ನೆಲ್ಲ ಬರೆದುಕೊಳ್ಳಿ, ಅವು ಬಹುಮಟ್ಟಿಗೆ ಸರಿಯಾಗಿರುತ್ತವೆ. ಶ್ರೇಣಿಯನ್ನು ಮಾತ್ರ ಅವರಿಗೇ ಬಿಟ್ಟುಬನ್ನಿ. ‘ಹೆವನ್ ಆರ್ ಲಾಸ್ ವೇಗಸ್’ ಹತ್ತು ಹಾಡುಗಳ ಆಲ್ಬಮ್ಮು, ನಲವತ್ತು ನಿಮಿಷವೂ ಹಿಡಿಯುವುದಿಲ್ಲ. ಮೊದಲು ಅದನ್ನು ಕೇಳಿ, ಆಮೇಲೆ ‘ಟ್ರೆಷರ್’ ಕೇಳಿ. ಆಗ ನಿಮಗೂ ‘ಹಿಂದೆ ಕೇಳಿದ್ದೇ ವಾಸಿ’ ಎನಿಸಿದರೆ ಧಾರಾಳವಾಗಿ ಹಾಗೆನ್ನಿ. ಪೂರ್ವಪ್ರಿಯರ ಸೂತ್ರವನ್ನು ಅವರ ತೀರ್ಪಿಗೆ ವಿರುದ್ಧವಾಗಿ ಬಳಸಲು ಅದಕ್ಕಿಂತ ಕಡಿಮೆ ಖರ್ಚಿನ ದಾರಿ ಬೇರೆ ಇಲ್ಲ.