ಕಪ್ಪು ವಸಡಿನ ಕೇಸು

ಮೊಬೈಲಿಗೆ ಮುಂದಿನ ಕ್ಯಾಮೆರಾ ಬಂದ ಮೇಲೆಯೇ ನಮ್ಮ ಹಾವೇರಿ ಸೀಮೆಯ ಜನಕ್ಕೆ ತಮಗೂ ವಸಡು ಇದೆಯೆಂದು ಗೊತ್ತಾದದ್ದು. ಅಲ್ಲಿತನಕ ಹಲ್ಲು ನೋಯಬೇಕು, ಇಲ್ಲವೇ ಉದುರಬೇಕು. ಆಗಷ್ಟೇ ಬಾಯಿಯ ವಿಚಾರ. ಈಗ ಕೊರಳಿಗೆ ಯಾಲಕ್ಕಿ ಹಾರ ಹಾಕಿಕೊಂಡು ನಿಂತ ಮದುಮಗ ಕೂಡ, ಫೋಟೊದವನು "ನಗ್ರೀ" ಅಂದರೆ ತುಟಿ ಬಿಗಿಹಿಡಿದೇ ನಗುತ್ತಾನೆ. ವಸಡು ಕರ್ರಗ ಅದಾವಂತ!

ನಮ್ಮ ಕಾಕಾ ಒಬ್ಬರಿದ್ದಾರೆ. ಬ್ಯಾಡಗಿ ಮಾರ್ಕೆಟ್ಟಿನ ಮೆಣಸಿನಕಾಯಿ ಚೀಲಗಳ ನಡುವೆಯೇ ಸೀನಿ ಸೀನಿ ತಲೆ ಬೆಳ್ಳಗಾದವರು. ಕೆಳಗಿನ ಮುಂಬದಿ ವಸಡು ಮಾತ್ರ ಕಪ್ಪು. "ಖಾರಕ್ಕ ಸುಟ್ಟಾವಪಾ" ಎಂಬುದು ಅವರ ವಾದ. ಇಂಥ ಸುಳ್ಳು ಕೇಸು ಇನ್ನೊಂದಿಲ್ಲ. ಬ್ಯಾಡಗಿ ಕಾಯಿಗೆ ಹೆಸರಿರುವುದೇ ಬಣ್ಣಕ್ಕೆ, ಖಾರ ಕಮ್ಮಿ. ಅದರಿಂದ ತೆಗೆದ ಕೆಂಪು ಲಿಪ್‌ಸ್ಟಿಕ್ಕಿಗೂ ಉಗುರುಬಣ್ಣಕ್ಕೂ ಹೋಗುತ್ತದೆ. ಊರವರ ತುಟಿಯನ್ನೆಲ್ಲ ಕೆಂಪಾಗಿಸುವ ಕಾಯಿಗೆ ಕಾಕಾನ ವಸಡಿನ ಮೇಲೇಕೆ ಹಗೆ? ಅಂಗಿಯ ಎದೆಜೇಬಿನಲ್ಲಿ ಬೀಡಿಕಟ್ಟು ಏನೂ ಅರಿಯದ ಹಾಗೆ ಕೂತಿದೆ. ಹೊಗೆ ತಾಗಿದ ವಸಡು ತನ್ನ ರಕ್ಷಣೆಗೆಂದು ಮೆಲನಿನ್ ಬಣ್ಣವನ್ನು ಹೆಚ್ಚೆಚ್ಚು ತಯಾರಿಸುತ್ತದೆ. ಅದು ಎದ್ದು ಕಾಣುವುದು ಮುಂದಿನ ವಸಡಿನಲ್ಲೇ. ಸೇದುವುದನ್ನು ಬಿಟ್ಟರೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಹಿಡಿದು ತಿಳಿಯಾಗುತ್ತದೆ. ಇದನ್ನೆಲ್ಲ ಬಿಡಿಸಿ ಹೇಳಿದೆ. ಕಾಕಾ ಗಂಭೀರವಾಗಿ ಕೇಳಿ, ಮರುದಿನದಿಂದ ಮೆಣಸಿನಕಾಯಿ ಬಿಟ್ಟರು.

ಹಾಗಂತ ಕಪ್ಪು ವಸಡೆಲ್ಲ ಬೀಡಿಯದ್ದಲ್ಲ. ನಮ್ಮಂಥ ಕಂದು ಮೈಬಣ್ಣದವರಿಗೆ ಅದು ಬಹುಮಟ್ಟಿಗೆ ಹುಟ್ಟಿನಿಂದ ಬಂದದ್ದು, ರೋಗವಲ್ಲ. ರಾಣೆಬೆನ್ನೂರಿನ ಕೃಷ್ಣಮೃಗದ ಗಂಡೂ ವಯಸ್ಸಾದಂತೆ ಕಪ್ಪಾಗುತ್ತದೆ. ಅದಕ್ಕೆ 1974ರಲ್ಲಿ ಅಭಯಾರಣ್ಯವನ್ನೇ ಮಾಡಿಕೊಟ್ಟರು. ನಮ್ಮ ವಸಡಿಗೆ ಮಾತ್ರ ಲೇಸರ್ ಶಿಕ್ಷೆ! ದುಡ್ಡು ಕೊಟ್ಟು ತೆಗೆಸಿದ ಕಪ್ಪು ಕೆಲವರಿಗೆ ಮತ್ತೆ ಬಂದು ಕೂರುವುದೂ ಉಂಟು.

ಇನ್ನು ಕೆಲವು ಬಿಡಿ ಆರೋಪಿಗಳಿವೆ. ಹಲ್ಲಿಗೆ ತುಂಬಿಸಿದ ಹಳೆಯ ಬೆಳ್ಳಿಬಣ್ಣದ ಸಿಮೆಂಟಿನ ಚೂರು ವಸಡಿನೊಳಗೆ ಸೇರಿ ಹಚ್ಚೆಯಾಗಿ ಉಳಿಯುತ್ತದೆ. ಲೋಹದ ಕ್ಯಾಪಿನ ಅಂಚು ನೀಲಿಗಪ್ಪಾಗಿ ಇಣುಕುತ್ತದೆ. ಮೊಡವೆಗೆ ಕೊಡುವ ಮಿನೊಸೈಕ್ಲಿನ್, ಮಲೇರಿಯಾದ ಕ್ಲೋರೋಕ್ವಿನ್ ಕೂಡ ಬಣ್ಣ ಬಿಡಬಲ್ಲವು. ಅಪರೂಪಕ್ಕೆ ಅಡ್ರಿನಲ್ ಗ್ರಂಥಿ ಸೋತ ಅಡಿಸನ್ ಕಾಯಿಲೆ. ಅದರಲ್ಲಿ ಮೈಯೂ ಕಪ್ಪಾಗಿ, ಸುಸ್ತು ಜೊತೆಗಿರುತ್ತದೆ.

ನನ್ನ ಕೇಳಿದರೆ ಹೆದರಬೇಕಾದ್ದು ಕಪ್ಪಿಗಲ್ಲ, ಬಿಳುಪಿಗೆ. ಅದನ್ನು ತರುವ ಗುಟ್ಕಾ ರಾಜ್ಯದಲ್ಲಿ 2013ರಲ್ಲಿ ನಿಷೇಧವಾಯಿತು. ಆದರೇನು, ಪಾನ್ ಮಸಾಲೆ ಬೇರೆ, ತಂಬಾಕು ಬೇರೆ ಚೀಟಾಗಿ ಒಂದೇ ಅಂಗಡಿಯಲ್ಲಿ ಅಕ್ಕಪಕ್ಕ ನೇತಾಡತೊಡಗಿದವು. ಅಡಿಕೆ ಜಗಿದು ಜಗಿದು ಬಾಯಿಯ ಒಳಗೆಲ್ಲ ಬಿಳಿಚಿ ಬಿಗಿಯುತ್ತದೆ. ಮಂಡಕ್ಕಿ ಜೊತೆಗಿನ ಮಿರ್ಚಿ ತುರುಕುವಷ್ಟೂ ಬಾಯಿ ತೆರೆಯುವುದಿಲ್ಲ. ಕ್ಯಾನ್ಸರಿಗೆ ತಿರುಗಬಲ್ಲ ಸ್ಥಿತಿ ಅದು.

ಇಂಥದ್ದು ಕಂಡರೆ, ಅಥವಾ ಒಂದೇ ಕಡೆ ಹೊಸದಾಗಿ ಮೂಡಿದ ಮಚ್ಚೆ ದೊಡ್ಡದಾಗುತ್ತಿದ್ದರೆ, ಫೋಟೊ ಹೊಡೆದು ಮನೆಯವರ ಗ್ರೂಪಿಗೆ ಹಾಕಬೇಡಿ. ಹಲ್ಲಿನ ಡಾಕ್ಟರಿಗೆ ತೋರಿಸಿರಿ.