ಚಕ್ರಸಮತಾ ಮೀಮಾಂಸೆ
ಅಥವಾ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಕಾರು ಎಡಕ್ಕೆ ಎಳೆಯುವುದರ ಶಾಸ್ತ್ರವಿಚಾರ

ಅನುಬಂಧ ಚತುಷ್ಟಯ

ಯಾವ ಶಾಸ್ತ್ರವಾದರೂ ತನ್ನ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳಿಯೇ ಮುಂದುವರಿಯತಕ್ಕದ್ದೆಂಬ ಹಿರಿಯರ ನಿಯಮವನ್ನು ಶಿರಸಾವಹಿಸಿ, ಈ ಗ್ರಂಥದ ವಿಷಯವು ವೀಲ್ ಅಲೈನ್‌ಮೆಂಟ್ ಎಂದೂ, ಪ್ರಯೋಜನವು ಟೈರಿನ ದೀರ್ಘಾಯುಷ್ಯವೆಂದೂ, ಸಂಬಂಧವು ಚಕ್ರಕ್ಕೂ ಜೇಬಿಗೂ ಇರತಕ್ಕ ಕಾರ್ಯಕಾರಣಭಾವವೆಂದೂ, ಅಧಿಕಾರಿಯು ಹೊಸ ಕಾರಿನ ನಾಲ್ಕು ಗಾಲಿಗಳಡಿ ನಾಲ್ಕು ನಿಂಬೆಹಣ್ಣುಗಳನ್ನು ಭಕ್ತಿಯಿಂದ ಜಜ್ಜಿಸಿದ ಬಳಿಕ ಆ ಗಾಲಿಗಳತ್ತ ಕಣ್ಣೆತ್ತಿಯೂ ನೋಡದ ಸದ್ಗೃಹಸ್ಥನೆಂದೂ ಆದಿಯಲ್ಲಿಯೇ ನಿವೇದಿಸುತ್ತೇವೆ.

ಲಕ್ಷಣ ನಿರೂಪಣೆ

ಮೇಲಿನಿಂದ ನೋಡಿದಾಗ ಮುಂಗಾಲಿಗಳ ಮುಖ ಒಳಕ್ಕೋ ಹೊರಕ್ಕೋ ತಿರುಗಿರುವುದು ಟೋ. ಎದುರಿನಿಂದ ನೋಡಿದಾಗ ಗಾಲಿಯ ನೆತ್ತಿ ಒಳಕ್ಕೋ ಹೊರಕ್ಕೋ ವಾಲಿರುವುದು ಕ್ಯಾಂಬರ್. ಪಕ್ಕದಿಂದ ನೋಡಿದಾಗ ಗಾಲಿ ಹೊರಳುವ ಅಕ್ಷವು ಹಿಂದಕ್ಕೋ ಮುಂದಕ್ಕೋ ಒರಗಿರುವುದು ಕ್ಯಾಸ್ಟರ್. ತಿರುವು ಕಳೆದೊಡನೆ ಸ್ಟೇರಿಂಗ್ ತಾನಾಗಿಯೇ ನೇರಕ್ಕೆ ಮರಳುವುದು ಬಹುಮಟ್ಟಿಗೆ ಈ ಮೂರನೆಯದರ ಅನುಗ್ರಹ. ಇವು ವಾತ ಪಿತ್ತ ಕಫಗಳಂತೆ ಸ್ವತಃ ರೋಗಗಳಲ್ಲ. ಕಾರು ತಯಾರಿಸಿದವರು ವಿಧಿಸಿದ ಪ್ರಮಾಣದಿಂದ ತಪ್ಪಿದಾಗ ಮಾತ್ರ ದೋಷಗಳೆನಿಸುತ್ತವೆ. ಹೆದ್ದಾರಿಯಲ್ಲಿ ವೇಗ ಏರಿದಾಗ ಸ್ಟೇರಿಂಗ್ ಗಡಗಡ ನಡುಗುವುದು ಸಾಮಾನ್ಯವಾಗಿ ವೀಲ್ ಬ್ಯಾಲೆನ್ಸಿಂಗಿಗೆ ಸೇರಿದ ಬೇರೆಯೇ ಪ್ರಕರಣವಾದುದರಿಂದ ಅದನ್ನು ಇಲ್ಲಿ ಕೈಬಿಟ್ಟಿದೆ.

ಪೂರ್ವಪಕ್ಷಗಳು ಮತ್ತು ಖಂಡನೆ

ಕಾರು ಏಕೆ ಒಂದು ಕಡೆಗೆ ಎಳೆಯುತ್ತದೆಂಬ ವಿಷಯದಲ್ಲಿ ಈ ಸೀಮೆಯಲ್ಲಿ ಮೂರು ಮತಗಳನ್ನು ಕಲ್ಪಿಸಬಹುದಾಗಿದೆ.

ಕೊಳ್ಳೇಗಾಲ ಮತದವರು ಇತಿಹಾಸವಾದಿಗಳು. ಕೊಳ್ಳೇಗಾಲವು ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂದುದರಿಂದ, ಇಲ್ಲಿಯ ವಾಹನಗಳು ಪೂರ್ವಜನ್ಮದ ವಾಸನೆಯಿಂದ ಇಂದಿಗೂ ಕೊಯಮತ್ತೂರಿನ ಕಡೆಗೆ ಜಗ್ಗುತ್ತವೆಂಬುದು ಇವರ ವಾದ. ಇದು ಸಲ್ಲದು, ಏಕೆಂದರೆ ಬೆಂಗಳೂರಿಗೆ ಹೋಗುವಾಗ ಎಡಕ್ಕೆ ಎಳೆದ ಕಾರು ಹಿಂದಿರುಗುವಾಗಲೂ ಎಡಕ್ಕೇ ಎಳೆಯುತ್ತದೆ, ವಾಸನೆಯಾದರೋ ದಿಕ್ಕನ್ನು ಮರೆಯಲಾರದು. ಮಳೆನೀರು ಹರಿದುಹೋಗಲೆಂದು ರಸ್ತೆಯನ್ನೇ ಅಂಚಿಗೆ ಇಳಿಜಾರಾಗಿ ಮಾಡಿರುವುದು ಕಾರಣವೆಂಬ ಉಪಶಾಖೆಯೊಂದಿದ್ದು, ಅದರಲ್ಲಿ ಸತ್ಯಾಂಶವಿದೆ. ಆದರೆ ಗಾಲಿಗಳಿಗೆಲ್ಲ ಸರಿಯಾಗಿ ಗಾಳಿ ತುಂಬಿಸಿ, ಸಮತಟ್ಟಾದ ಬಯಲಿನಲ್ಲಿ ಹಿಡಿತ ಸಡಿಲಿಸಿದಾಗಲೂ ಕಾರು ಓರೆಗೆ ಹೊರಟರೆ ರಸ್ತೆಯನ್ನು ದೂರುವಂತಿಲ್ಲ.

ಹನೂರು ಮತದವರು ತಿರುವುವಾದಿಗಳು. ತಾಳಬೆಟ್ಟದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಏರುವ ಘಾಟಿಯಲ್ಲಿ ಎಡಕ್ಕೂ ಬಲಕ್ಕೂ ಅಷ್ಟಷ್ಟೇ ಹೊರಳುವುದರಿಂದ, ಏರುವಾಗ ಕೆಟ್ಟದ್ದು ಇಳಿಯುವಾಗ ಸರಿಹೋಗುತ್ತದೆಂದು ಇವರು ಸಾಧಿಸುತ್ತಾರೆ. ಮುಂದಿನ ಗಾಲಿಗಳೆರಡೂ ಅಚ್ಚಿನೊಡನೆ ಒಟ್ಟಾಗಿ ತಿರುಗದೆ ತಮ್ಮ ತಮ್ಮ ಕೀಲಿನ ಮೇಲೆ ಹೊರಳುವ ವಿಧಾನವನ್ನು ಮ್ಯೂನಿಕ್ಕಿನ ಲಾಂಕೆನ್ಸ್‌ಪೆರ್ಗರ್ ಎಂಬ ಗಾಡಿ ತಯಾರಕನು 1817ರಲ್ಲಿ ರೂಪಿಸಿ, ಅದರ ಪೇಟೆಂಟನ್ನು 1818ರಲ್ಲಿ ಲಂಡನ್ನಿನ ಆಕರ್ಮನ್ ಪಡೆದು, ಕೀರ್ತಿಯೂ ಎರಡನೆಯವನಿಗೇ ಸಂದ ಲಾಗಾಯ್ತು, ತಿರುಗುವುದು ಗಾಲಿಗೆ ಅಪಚಾರವಲ್ಲ. ಕೆಡಿಸುವುದು ತಿರುವಲ್ಲ, ತಿರುವಿನಲ್ಲಿ ಕಾದಿರುವ ಗುಂಡಿ. ಗುಂಡಿಯ ಹೊಡೆತಕ್ಕೆ, ಸ್ಟೇರಿಂಗನ್ನು ಗಾಲಿಗೆ ಜೋಡಿಸುವ ಟೈ ರಾಡಿನ ಸವೆದ ತುದಿಯೂ ಜೊತೆಗೂಡುತ್ತದೆ. ಏರುವಾಗ ಒಂದು ಗುಂಡಿಗೆ ಬಿದ್ದವನು ಇಳಿಯುವಾಗ ಇನ್ನೊಂದಕ್ಕೆ ಬಿದ್ದರೆ ಲೆಕ್ಕ ಕಳೆಯುವುದಿಲ್ಲ, ಕೂಡುತ್ತದೆ. ಮಹದೇಶ್ವರಸ್ವಾಮಿಯು ಹುಲಿಯನ್ನು ವಾಹನವಾಗಿ ಆರಿಸಿಕೊಂಡದ್ದರ ಔಚಿತ್ಯ ಇಲ್ಲಿ ವಿಶದವಾಗುತ್ತದೆ.

ಯಳಂದೂರು ಮತವು ಮೂರರಲ್ಲಿ ಅತ್ಯಂತ ಶಾಸ್ತ್ರೀಯವಾದುದು. ಈ ತಾಲ್ಲೂಕಿನ ಬೆಟ್ಟದ ಮೇಲಿರುವ ಬಿಳಿಗಿರಿರಂಗನಿಗೆ ಭಕ್ತರು ದೊಡ್ಡ ಚರ್ಮದ ಪಾದುಕೆಗಳನ್ನು ಮಾಡಿ ಒಪ್ಪಿಸುತ್ತಾರೆ. ದೇವರು ಅವನ್ನು ಮೆಟ್ಟಿ ಕಾಡಿನಲ್ಲಿ ಸಂಚರಿಸುತ್ತಾನೆಂಬುದಕ್ಕೆ ಪಾದುಕೆಯ ಸವೆತವೇ ಸಾಕ್ಷಿಯೆಂದು ನಂಬುತ್ತಾರೆ. ಸವೆತದಿಂದ ನಡಿಗೆಯನ್ನು ಅನುಮಾನಿಸುವ ಈ ಕ್ರಮವನ್ನು ಟೈರಿಗೆ ಅನ್ವಯಿಸಿದರೆ ಸಾಕು. ಮುಂದಿನ ಎರಡೂ ಟೈರುಗಳ ಒಳಅಂಚು ತಿಂದಿದ್ದರೆ ಟೋ ಹೊರಕ್ಕೆ ಹೋಗಿದೆಯೆಂದೂ, ಹೊರಅಂಚು ತಿಂದಿದ್ದರೆ ಒಳಕ್ಕೆ ಬಂದಿದೆಯೆಂದೂ, ಒಂದೇ ಟೈರಿನ ಒಂದೇ ಅಂಚು ನುಣುಪಾಗಿದ್ದರೆ ಕ್ಯಾಂಬರಿನ ಮೇಲೆ ಸಂಶಯಪಡಬೇಕೆಂದೂ, ನಡುಭಾಗ ಮಾತ್ರ ಸವೆದರೆ ಗಾಳಿ ಹೆಚ್ಚೆಂದೂ, ಎರಡೂ ಅಂಚು ಸವೆದರೆ ಗಾಳಿ ಕಡಿಮೆಯೆಂದೂ ತಿಳಿಯತಕ್ಕದ್ದು. ಟೈರಿನ ಮೇಲೆ ಅಡ್ಡಲಾಗಿ ಅಂಗೈಯಾಡಿಸಿದಾಗ ಒಂದು ದಿಕ್ಕಿಗೆ ನಯವಾಗಿಯೂ ಇನ್ನೊಂದು ದಿಕ್ಕಿಗೆ ಗರಗಸದಂತೆಯೂ ತೋರಿದರೆ ಟೋದೋಷಕ್ಕೆ ಅದು ಪ್ರತ್ಯಕ್ಷ ಪ್ರಮಾಣ. ಆದರೆ ಸವೆತವನ್ನು ನೋಡಿ ಕೈಮುಗಿದು ಸುಮ್ಮನಾಗುವುದು ದೇವರ ಪಾದುಕೆಗೆ ಒಪ್ಪುವ ವಿಧಿ, ಟೈರಿಗಲ್ಲ. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ದೊರೆತ ಯಳಂದೂರು ಜಹಗೀರು ವಂಶಪಾರಂಪರ್ಯವಾಗಿ ಬಾಳಿತು, ಟೈರು ಬಾಳಲಾರದು.

ಸಿದ್ಧಾಂತ

ಗಾಲಿಯೊಂದು ತಾನು ಸಾಗುವ ದಿಕ್ಕಿಗೆ ಕೇವಲ ಅರ್ಧ ಡಿಗ್ರಿ ಓರೆಯಾಗಿದ್ದರೆ, ಪ್ರತಿ ಕಿಲೋಮೀಟರಿಗೆ ಸುಮಾರು 8.7 ಮೀಟರಿನಷ್ಟು ಅಡ್ಡಡ್ಡಲಾಗಿ ಉಜ್ಜಿಸಿಕೊಳ್ಳುತ್ತದೆಂದು ತ್ರಿಕೋನಮಿತಿ ಹೇಳುತ್ತದೆ. ಕೊಳ್ಳೇಗಾಲದಿಂದ ಮಹದೇಶ್ವರ ಬೆಟ್ಟಕ್ಕೆ ಸುಮಾರು 80 ಕಿಲೋಮೀಟರ್ ಎಂದಿಟ್ಟುಕೊಂಡರೆ, ಯಜಮಾನನು ಆಸನದಲ್ಲಿ ಒರಗಿ ಕುಳಿತಿರುವಾಗ ಗಾಲಿಯು ಯಾವ ಹರಕೆಯೂ ಇಲ್ಲದೆ ಸುಮಾರು 700 ಮೀಟರ್ ಸೇವೆ ಸಲ್ಲಿಸಿದಂತಾಯಿತು. ಅದೂ ಉರುಳುಸೇವೆಯಲ್ಲ, ಉಜ್ಜುಸೇವೆ. ಉರುಳುವುದು ಚಕ್ರದ ಸ್ವಧರ್ಮ, ಉಜ್ಜುವುದು ಪರಧರ್ಮ. ಪರಧರ್ಮವು ರಬ್ಬರಿಗೂ ಇಂಧನಕ್ಕೂ ಭಯಾವಹ. ಇಷ್ಟಾದರೂ ಯಜಮಾನನು ಇದನ್ನರಿಯದಿರುವುದು ಏಕೆಂದರೆ, ಅವನ ಮಣಿಕಟ್ಟು ದಿನದಿನವೂ ಸ್ಟೇರಿಂಗನ್ನು ಅಷ್ಟಷ್ಟೇ ಬಲಕ್ಕೆ ಹಿಡಿದು ದೋಷವನ್ನು ಮುಚ್ಚುತ್ತ, ಕೊನೆಗೆ ಆ ಮುಚ್ಚುಗೆಯನ್ನೇ ಚಾಲನಾ ನೈಪುಣ್ಯವೆಂದು ಭಾವಿಸುತ್ತದೆ. ಚಕ್ರದ ವಕ್ರತೆಗಿಂತ ಅದಕ್ಕೆ ಕೈ ಒಗ್ಗಿಹೋಗುವುದೇ ಮೂಲವ್ಯಾಧಿಯೆಂಬುದು ನಮ್ಮ ಸಿದ್ಧಾಂತ.

ಪ್ರಾಯಶ್ಚಿತ್ತ

ಸುಮಾರು 10,000 ಕಿಲೋಮೀಟರಿಗೊಮ್ಮೆ, ದೊಡ್ಡ ಗುಂಡಿಗೆ ಬಿದ್ದಾಗ, ಟೈರನ್ನೋ ಟೈ ರಾಡನ್ನೋ ಬದಲಿಸಿದಾಗ ಅಲೈನ್‌ಮೆಂಟ್ ನೋಡಿಸತಕ್ಕದ್ದು. ಹಿಂದೆ ಮೇಸ್ತ್ರಿಗಳು ದಾರ ಕಟ್ಟಿ ಅಳೆಯುತ್ತಿದ್ದರು. ಆ ದಾರ ಕೊಳ್ಳೇಗಾಲದ ರೇಷ್ಮೆಯದ್ದಾಗಿರಬೇಕೇ ಎಂಬ ಪ್ರಶ್ನೆಯನ್ನು ಮುಂದಿನ ಸಂಶೋಧಕರಿಗೆ ಬಿಟ್ಟಿದ್ದೇವೆ. ಈಗ ಯಂತ್ರವು ಪರದೆಯ ಮೇಲೆ ಕೆಂಪು ಹಸಿರುಗಳಲ್ಲಿ ತೀರ್ಪು ಕೊಡುತ್ತದೆ; ಮೊದಲಿನ ಮತ್ತು ನಂತರದ ಅಂಕಿಗಳ ಚೀಟಿಯನ್ನು ಕೇಳಿ ಪಡೆಯಬೇಕು. ಅನೇಕ ಸಣ್ಣ ಕಾರುಗಳಲ್ಲಿ ಮುಂದಿನ ಟೋ ಒಂದನ್ನೇ ತಿರುಗಿಸಿ ಸರಿಪಡಿಸಬಹುದಾದುದರಿಂದ, ಉಳಿದವು ಕೆಂಪಾಗಿಯೇ ಉಳಿದರೆ ಯಾವುದೋ ಭಾಗ ಬಾಗಿದೆ ಅಥವಾ ಸವೆದಿದೆಯೆಂದು ಅರಿಯಬೇಕು.

ಚಾರ್ವಾಕ ಮತ

ಇಷ್ಟೆಲ್ಲವನ್ನೂ ಸಹನೆಯಿಂದ ಕೇಳಿ, ಕೊನೆಯಲ್ಲಿ “ಗಾಡಿ ಓಡ್ತಾ ಅದಲ್ಲ, ಬುಡಿ ಸಾ” ಎನ್ನುವ ನಾಸ್ತಿಕನೊಬ್ಬನು ಮೂರು ತಾಲ್ಲೂಕುಗಳಲ್ಲಿಯೂ ಇದ್ದಾನೆ. ಅಲ್ಪಾಕ್ಷರವೂ ಅಸಂದಿಗ್ಧವೂ ಆದ ಈ ಸೂತ್ರವನ್ನು ತರ್ಕದಿಂದ ಖಂಡಿಸಲು ನಮ್ಮಿಂದಾಗಲಿಲ್ಲವೆಂದು ವಿನಯದಿಂದ ಒಪ್ಪಿಕೊಳ್ಳುತ್ತೇವೆ. ಅದಕ್ಕೆ ಸಮರ್ಪಕವಾದ ಭಾಷ್ಯವನ್ನು ಟೈರ್ ಅಂಗಡಿಯವರು, ಮಳೆಗಾಲಕ್ಕೆ ಸ್ವಲ್ಪ ಮುಂಚೆ, ಬಿಲ್ಲಿನ ರೂಪದಲ್ಲಿ ಬರೆದುಕೊಡುತ್ತಾರೆ.